ಪೋಸ್ಟ್‌ಗ್ರೆಸ್ ಪ್ಯಾಕೇಜ್: ಕಟ್ಟುವುದು ಸುಲಭ, ಮಳೆಗಾಲ ದಾಟಿಸುವುದು ಕಷ್ಟ

ಅಡಿಕೆ ಮಂಡಿಯ ಲೆಕ್ಕವಿರಲಿ, ಸಹಕಾರ ಸಂಘದ ಸಾಲದ ಖಾತೆಯಿರಲಿ, ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್ ಕೊಡುವ ಸಿದ್ಧ ಡೇಟಾಬೇಸ್, ಪೋಸ್ಟ್‌ಗ್ರೆಸ್ ಪ್ಯಾಕೇಜ್ ಬಹುತೇಕರಿಗೆ ಸಾಕು. ಒಂದು ಪ್ಯಾಚ್ (ಸೋರ್ಸ್‌ಗೆ ಹಚ್ಚುವ ತಿದ್ದುಪಡಿ) ಸೇರಿಸಬೇಕಾದಾಗ ಅಥವಾ ದೋಷವೊಂದರ ತಿದ್ದುಪಡಿಯನ್ನು ಪರೀಕ್ಷಿಸಬೇಕಾದಾಗ ಮಾತ್ರ ಸ್ವಂತ ಪ್ಯಾಕೇಜ್ ಕಟ್ಟುವ ಕೆಲಸ ಬರುತ್ತದೆ. ಇಲ್ಲಿನ ವಿವರಣೆ ಡೆಬಿಯನ್ 13 ಮತ್ತು ಅದರೊಂದಿಗೆ ಬರುವ ಪೋಸ್ಟ್‌ಗ್ರೆಸ್ 17ಕ್ಕೆ. ಕಮ್ಯಾಂಡ್‌ಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

ಕಟ್ಟುವ ಕೆಲಸ

4 ಕೋರ್, 8 ಜಿಬಿ ರ್‍ಯಾಮ್, 30 ಜಿಬಿ ಖಾಲಿ ಜಾಗ ಇದ್ದರೆ ಧಾರಾಳ. ಪೋಸ್ಟ್‌ಗ್ರೆಸ್ ಬಹುಪಾಲು ಸಿ ಭಾಷೆಯಲ್ಲಿರುವುದರಿಂದ ಮೆಮೊರಿ ಹೆಚ್ಚು ತಿನ್ನುವುದಿಲ್ಲ. ಇನ್ನೊಂದು ಡೇಟಾಬೇಸ್ ಮರಿಯಾಡಿಬಿ ಹಾಗಲ್ಲ. ಅದು ಸಿ++, ಏಕಕಾಲಕ್ಕೆ ಓಡುವ (ಪ್ಯಾರಲಲ್) ಕೆಲಸಗಳ ಸಂಖ್ಯೆಯನ್ನು ಆಸೆಪಟ್ಟು ಏರಿಸಿದರೆ ಅರ್ಧದಲ್ಲೇ ‘ಕಿಲ್ಡ್’ ಎಂದು ನಿಂತುಬಿಡುತ್ತದೆ.

ಆಪ್ಟ್‌ನ ಸೋರ್ಸಸ್ ಫೈಲ್‌ನಲ್ಲಿ ‘ಡೆಬ್-ಎಸ್‌ಆರ್‌ಸಿ’ ಚಾಲೂ ಮಾಡಿ, ಬಿಲ್ಡ್-ಎಸೆನ್ಷಿಯಲ್, ಡೆವ್‌ಸ್ಕ್ರಿಪ್ಟ್ಸ್, ಲಿಂಟಿಯನ್, ಎಸ್‌ಬಿಲ್ಡ್ ಹಾಕಿಕೊಳ್ಳಿ. ‘ಆಪ್ಟ್ ಬಿಲ್ಡ್-ಡೆಪ್ ಪೋಸ್ಟ್‌ಗ್ರೆಸ್‌ಕ್ಯೂಎಲ್-17’ಕ್ಕೆ ರೂಟ್ (ನಿರ್ವಾಹಕ ಖಾತೆ) ಬೇಕು. ಅದಾದ ಮೇಲೆ ‘ಆಪ್ಟ್ ಸೋರ್ಸ್’ ಸಾಮಾನ್ಯ ಬಳಕೆದಾರರಾಗಿಯೇ ಓಡಿಸಿ. ಮುಂದಿನ ಕೆಲಸಕ್ಕೂ ರೂಟ್ ಬಳಸಬೇಡಿ, ಏಕೆಂದರೆ ಪರೀಕ್ಷೆಗೆ ಡೇಟಾಬೇಸ್ ಹುಟ್ಟಿಸಬೇಕಾದ ಪೋಸ್ಟ್‌ಗ್ರೆಸ್‌ನ ಇನಿಟ್‌ಡಿಬಿ ರೂಟ್ ಆಗಿ ಓಡಲು ಒಪ್ಪುವುದೇ ಇಲ್ಲ.

ಸೋರ್ಸ್ ಫೈಲನ್ನು ನೇರವಾಗಿ ತಿದ್ದಿದರೆ ಡಿಪಿಕೆಜಿ-ಸೋರ್ಸ್ ತಕರಾರು ತೆಗೆಯುತ್ತದೆ. ತಿದ್ದುಪಡಿ ಡೆಬಿಯನ್/ಪ್ಯಾಚಸ್ ಫೋಲ್ಡರ್‌ನಲ್ಲಿರಬೇಕು, ಅದರ ಹೆಸರು ಸೀರೀಸ್ ಫೈಲ್‌ನಲ್ಲಿ ಸೇರಿರಬೇಕು. ಆವೃತ್ತಿಗೆ ‘ಡಿಸಿಎಚ್ --ಲೋಕಲ್ ಮಲ್ನಾಡ್’ ಎಂದು ಬಾಲ ಹಚ್ಚಿ. ಆಗ ನಿಮ್ಮದು ಈಗಿನ ಅಧಿಕೃತ ಪ್ಯಾಕೇಜ್‌ಗಿಂತ ಒಂದು ಮೆಟ್ಟಿಲು ಮೇಲೆ, ಮುಂದೆ ಬರುವ ಭದ್ರತಾ ಆವೃತ್ತಿಗಿಂತ ಕೆಳಗೆ ಕೂರುತ್ತದೆ. ಆ ಭದ್ರತಾ ಆವೃತ್ತಿ ಬಂದ ದಿನ ನಿಮ್ಮ ಪ್ಯಾಚ್ ಸದ್ದಿಲ್ಲದೆ ಮಾಯವಾಗುತ್ತದೆ, ಮತ್ತೆ ಕಟ್ಟಬೇಕು. ಇದನ್ನು ತಪ್ಪಿಸಲು ‘ಹೋಲ್ಡ್’ (ಆವೃತ್ತಿ ಬದಲಾಗದಂತೆ ತಡೆ) ಹಾಕುವವರಿದ್ದಾರೆ. ಹಾಕಬೇಡಿ, ಭದ್ರತಾ ತಿದ್ದುಪಡಿಗಳೂ ಅಲ್ಲೇ ನಿಂತುಹೋಗುತ್ತವೆ.

ಅಭ್ಯಾಸಕ್ಕೆ ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಯುಎಸ್ -ಯುಸಿ -ಬಿ’ ಸಾಕು. ನಡುವೆ ಕರೆಂಟ್ ಹೋದರೆ ‘-ಎನ್‌ಸಿ’ ಸೇರಿಸಿ ಓಡಿಸಿ, ಆಗಲೇ ಆದ ಕೆಲಸ ಅಳಿಸಿಹೋಗುವುದಿಲ್ಲ. ಬೇರೆಯವರಿಗೆ ಕೊಡುವ ಪ್ಯಾಕೇಜನ್ನು ಮಾತ್ರ ಎಸ್‌ಬಿಲ್ಡ್‌ನ ಖಾಲಿ ಆವರಣದಲ್ಲೇ ಕಟ್ಟಿ. ನಿಮ್ಮ ದಿನಬಳಕೆಯ ಯಂತ್ರದಲ್ಲಿ ಎಂದೋ ಹಾಕಿದ ಲೈಬ್ರರಿ ಇದ್ದು, ಬೇಕಾದ ಲೈಬ್ರರಿಗಳ ಪಟ್ಟಿಯಿರುವ ಕಂಟ್ರೋಲ್ ಫೈಲ್‌ನಲ್ಲಿ ಅದನ್ನು ಬರೆಯದೆ ಬಿಟ್ಟಿದ್ದರೆ ಅಲ್ಲಿ ಗೊತ್ತಾಗುವುದೇ ಇಲ್ಲ.

ಬಿಲ್ಡ್ ಜೊತೆಗೇ ರಿಗ್ರೆಷನ್ ಪರೀಕ್ಷೆಗಳೂ (ಮೊದಲು ಸರಿಯಿದ್ದದ್ದು ಕೆಟ್ಟಿಲ್ಲವೇ ಎಂದು ನೋಡುವವು) ಓಡುತ್ತವೆ. ಬೇಗ ಮುಗಿಯಲೆಂದು ‘ನೋಚೆಕ್’ ಹಾಕಿದರೆ ಸ್ವಂತವಾಗಿ ಕಟ್ಟಿದ್ದಕ್ಕೆ ಅರ್ಥವೇ ಇಲ್ಲ. ಸೋತರೆ ‘ರಿಗ್ರೆಷನ್.ಡಿಫ್ಸ್’ ಫೈಲ್ ತೆರೆಯಿರಿ: ಮೈನಸ್ ಸಾಲು ಬರಬೇಕಾಗಿದ್ದದ್ದು, ಪ್ಲಸ್ ಸಾಲು ಬಂದದ್ದು. ಆಮೇಲೆ ಲಿಂಟಿಯನ್ (ಪ್ಯಾಕೇಜ್ ನಿಯಮಗಳ ತಪಾಸಣೆ), ಪಿಯುಪಾರ್ಟ್ಸ್ (ಹಾಕಿ ತೆಗೆಯುವ ಪರೀಕ್ಷೆ), ಆಟೋಪಿಕೆಜಿಟೆಸ್ಟ್ (ಹಾಕಿದ ಪ್ಯಾಕೇಜಿನ ಪರೀಕ್ಷೆ), ಇದೇ ಕ್ರಮದಲ್ಲಿ.

ಏಳು ತಾಲ್ಲೂಕುಗಳ ಪರೀಕ್ಷೆ

ಸಿದ್ಧ ಪರೀಕ್ಷೆಗಳಲ್ಲಿ ಕನ್ನಡ ಇರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನೇ ಒಂದು ಟೇಬಲ್‌ಗೆ ತುಂಬಿ. ‘ಶಿವಮೊಗ್ಗ’ಕ್ಕೆ ಕ್ಯಾರ್_ಲೆಂಗ್ತ್ (ಸಂಕೇತಗಳ ಎಣಿಕೆ) 8, ಆಕ್ಟೆಟ್_ಲೆಂಗ್ತ್ (ಬೈಟ್ ಎಣಿಕೆ) 24 ಬರಬೇಕು, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಎರಡೂ 24 ಬಂದರೆ ಡೇಟಾಬೇಸ್ ಎಸ್‌ಕ್ಯೂಎಲ್_ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಹುಟ್ಟಿದೆ ಎಂದರ್ಥ. ಲೊಕೇಲ್ (ಭಾಷೆ, ಅಕ್ಷರಗಳ ಹೊಂದಿಕೆ) ಹೊಂದಿಸದ ಬರೀ ಯಂತ್ರದಲ್ಲಿ ಕ್ಲಸ್ಟರ್ (ಒಂದೇ ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪು) ಹುಟ್ಟಿದಾಗ ಹೀಗಾಗುತ್ತದೆ. ಹಾಗಿದ್ದರೆ ಯುಟಿಎಫ್-8 ಲೊಕೇಲ್ ಕೊಟ್ಟು ಹೊಸ ಕ್ಲಸ್ಟರ್ ಮಾಡಿ.

ಶಿವಮೊಗ್ಗ, ಸೊರಬ, ಹೊಸನಗರ ಮೂರರಲ್ಲೂ ಒತ್ವ ಇದೆ, ತೀರ್ಥಹಳ್ಳಿಯಲ್ಲಿ ದೀರ್ಘ. ಯೂನಿಕೋಡ್‌ನಲ್ಲಿ ಈ ಗುಣಿತಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಂಡರೂ ಒಡೆದ ‘ಶಿವಮೊಗ್ಗ’ 27 ಬೈಟ್, ಹುಡುಕಿದರೆ ಸಿಗುವುದಿಲ್ಲ. ಹಳೆಯ ಫಾಂಟ್‌ನಿಂದ ಪರಿವರ್ತಿಸಿದ ಕಡತಗಳಲ್ಲಿ ಇಂಥವು ನುಸುಳಿರಬಹುದು. ಎರಡೂ ರೂಪಗಳನ್ನು ಬೇಕೆಂದೇ ತುಂಬಿ, ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಹಾಕಿದ ಮೇಲೆ ಸಮ ಆಗುತ್ತವೆಯೇ ನೋಡಿ.

ಹಳೆಯ ದತ್ತಾಂಶದ ಮೇಲೆ

ಖಾಲಿ ಡೇಟಾಬೇಸ್ ಮೇಲೆ ಗೆದ್ದ ಪ್ಯಾಕೇಜನ್ನು ನಂಬಬೇಡಿ. ಒಂದು ವರ್ಚುವಲ್ ಯಂತ್ರದಲ್ಲಿ ಡೆಬಿಯನ್ 12, ಪೋಸ್ಟ್‌ಗ್ರೆಸ್ 15 ಹಾಕಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆ ಮಂಡಿಯ ಮಾದರಿ ದಾಖಲೆ ತುಂಬಿ, ಮೊದಲು ಡೆಬಿಯನ್ 13ಕ್ಕೆ ಏರಿಸಿ, ಆಮೇಲೆ ನಿಮ್ಮ 17 ಹಾಕಿ. 17 ತನ್ನದೇ ಒಂದು ಖಾಲಿ ಕ್ಲಸ್ಟರನ್ನು 5433ನೇ ಪೋರ್ಟ್‌ನಲ್ಲಿ ತೆರೆದು ಕೂತಿರುತ್ತದೆ. ‘ಪಿಜಿ_ಡ್ರಾಪ್‌ಕ್ಲಸ್ಟರ್ 17 ಮೇನ್ --ಸ್ಟಾಪ್’ ಎಂದು ಅದನ್ನು ತೆಗೆಯದೆ ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ 15 ಮೇನ್’ ಮುಂದೆ ಹೋಗದು. ತೆಗೆಯುವಾಗ ಸಂಖ್ಯೆ ಎರಡು ಸಲ ಓದಿ, 17ರ ಬದಲು 15 ಬಿದ್ದರೆ ಹೋಗುವುದು ದಾಖಲೆ.

ಇಲ್ಲಿ ಅಡಗಿರುವ ಅಪಾಯ ಬೇರೆಯೇ. ಡೆಬಿಯನ್ 12ರ ಜಿಲಿಬ್‌ಸಿ 2.36, 13ರದ್ದು 2.41. ಅಕ್ಷರಗಳ ವಿಂಗಡಣೆ ಕ್ರಮ (ಕೊಲೇಷನ್) ಈ ಮೂಲ ಸಿ ಲೈಬ್ರರಿಯದ್ದು, ಅದು ಬದಲಾದರೆ ಹಳೆಯ ಕ್ರಮದಲ್ಲಿ ಕಟ್ಟಿದ ಪಠ್ಯದ ಇಂಡೆಕ್ಸ್ (ಹುಡುಕಾಟದ ಸೂಚಿ) ಸುಳ್ಳು ಹೇಳತೊಡಗುತ್ತದೆ. ದಾಖಲೆ ಇದ್ದರೂ ‘ಇಲ್ಲ’ ಎನ್ನಬಹುದು. 2018ರ ಜಿಲಿಬ್‌ಸಿ 2.28ರಲ್ಲಿ ಇದು ದೊಡ್ಡ ಮಟ್ಟದಲ್ಲೇ ಆಗಿತ್ತು. ಕ್ಲಸ್ಟರ್ ಏರಿಸುವ ಅದೇ ಕಮ್ಯಾಂಡ್‌ನ ‘-ಎಂ ಡಂಪ್’ ವಿಧಾನದಲ್ಲಿ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಲ್ಪಡುತ್ತವೆ, ‘-ಎಂ ಅಪ್‌ಗ್ರೇಡ್’ನಲ್ಲಿ ಹಳೆಯವೇ ಬರುತ್ತವೆ. ‘ಕೊಲೇಷನ್ ವರ್ಷನ್ ಮಿಸ್‌ಮ್ಯಾಚ್’ ಎಚ್ಚರಿಕೆ ಕಂಡರೆ ಮೊದಲು ರೀಇಂಡೆಕ್ಸ್, ಆಮೇಲೆ ರಿಫ್ರೆಶ್ (ದಾಖಲಾದ ಕೊಲೇಷನ್ ಆವೃತ್ತಿಯನ್ನು ಹೊಸದಕ್ಕೆ ಬದಲಿಸುವುದು). ರಿಫ್ರೆಶ್ ಒಂದನ್ನೇ ಮಾಡಿದರೆ ಎಚ್ಚರಿಕೆ ಹೋಗುತ್ತದೆ, ಕೆಟ್ಟ ಇಂಡೆಕ್ಸ್ ಉಳಿಯುತ್ತದೆ.

ಕರೆಂಟ್ ಪರೀಕ್ಷೆ

ಜೂನ್ ಬಂತೆಂದರೆ ಇಲ್ಲಿ ಕರೆಂಟ್ ಹೋಗುವುದು ಅಪರೂಪವಲ್ಲ, ಆದ್ದರಿಂದ ಈ ಪರೀಕ್ಷೆ ಬಿಡಬೇಡಿ. ಪೋಸ್ಟ್‌ಗ್ರೆಸ್ ಜೊತೆ ಬರುವ ಪಿಜಿಬೆಂಚ್ ನಕಲಿ ಬ್ಯಾಂಕ್ ವ್ಯವಹಾರ ನಡೆಸುತ್ತದೆ. ‘ಪಿಜಿಬೆಂಚ್ -ಐ -ಎಸ್ 10’ ಎಂದರೆ 10 ಲಕ್ಷ ಖಾತೆಗಳು ಸಿದ್ಧ. ‘-ಸಿ 4 -ಟಿ 600’ ಕೊಟ್ಟು (ಇಲ್ಲಿ ಟಿ ದೊಡ್ಡಕ್ಷರ) ಹತ್ತು ನಿಮಿಷ ಓಡಲು ಬಿಟ್ಟು, ನಡುವೆ ಯಂತ್ರದ ಪ್ಲಗ್ ಕಿತ್ತುಬಿಡಿ. ‘ಕಿಲ್ -9’ ಇದಕ್ಕೆ ಸಮವಲ್ಲ, ಪ್ರೋಗ್ರಾಂ ಸತ್ತರೂ ಕರ್ನೆಲ್ ತನ್ನ ಬಳಿ ಇದ್ದದ್ದನ್ನು ಡಿಸ್ಕ್‌ಗೆ ಬರೆದೇ ಬರೆಯುತ್ತದೆ. ವರ್ಚುವಲ್ ಯಂತ್ರವನ್ನು ಕೊಂದರೂ ಅಷ್ಟೇ, ಆತಿಥೇಯ ಯಂತ್ರದ ಕ್ಯಾಶೆ ಬದುಕಿರುತ್ತದೆ. ಹಳೆಯ ಡೆಸ್ಕ್‌ಟಾಪ್ ಒಂದನ್ನು ಇದಕ್ಕೇ ಇಡಿ, ಯುಪಿಎಸ್ ಬೇಡ.

ಮತ್ತೆ ಚಾಲೂ ಮಾಡಿದಾಗ ಲಾಗ್‌ನಲ್ಲಿ ‘ಆಟೋಮ್ಯಾಟಿಕ್ ರಿಕವರಿ’ ಎಂದು ಕಂಡರೆ ಗಾಬರಿ ಬೇಡ, ಅದು ಸಹಜ. ಅಕೌಂಟ್ಸ್, ಟೆಲ್ಲರ್ಸ್, ಬ್ರಾಂಚಸ್ ಮೂರೂ ಟೇಬಲ್‌ಗಳ ಬ್ಯಾಲೆನ್ಸ್ ಮೊತ್ತ ಒಂದೇ ಇರಬೇಕು. ಜೊತೆಗೆ ಟೇಬಲ್, ಇಂಡೆಕ್ಸ್ ಕೆಟ್ಟಿವೆಯೇ ಎಂದು ನೋಡುವ ಪಿಜಿ_ಆಮ್‌ಚೆಕ್ ಅನ್ನು ‘--ಹೀಪ್‌ಆಲ್‌ಇಂಡೆಕ್ಸ್ಡ್’ ಕೊಟ್ಟು ಓಡಿಸಿ. ಮೊತ್ತ ತಾಳೆಯಾಗದಿದ್ದರೆ ಪ್ಯಾಚನ್ನು ಬೈಯುವ ಮುನ್ನ ಕಾನ್ಫಿಗ್‌ನಲ್ಲಿ ‘ಎಫ್‌ಸಿಂಕ್’ (ಬರೆದದ್ದು ಡಿಸ್ಕ್ ತಲುಪಿತೆಂದು ಖಚಿತಪಡಿಸುವ ಆಯ್ಕೆ) ಆಫ್ ಆಗಿದೆಯೇ ನೋಡಿ, ಪರೀಕ್ಷೆ ಬೇಗ ಮುಗಿಯಲೆಂದು ಆಫ್ ಮಾಡಿ ಮರೆತಿರುವುದುಂಟು. ಅದು ಆನ್ ಇದ್ದೂ ತಪ್ಪು ಬಂದರೆ ಡಿಸ್ಕ್ ಬದಲಿಸಿ ಇನ್ನೊಮ್ಮೆ ಪ್ಲಗ್ ಕೀಳಿ.