ಹಿಮದೂರಿನ ನೆಂಟರು, ಬೀದರ್ ಥಂಡಿ ಮತ್ತು ನಮ್ಮ ಮನೆ

ಬೀದರ್‌ನಲ್ಲಿ ಥಂಡಿ ಜಾಸ್ತಿ ಅಂದರೆ ಬೆಂಗಳೂರಿನವರು ನಗುತ್ತಾರೆ. ಅವರಿಗೆ ನಮ್ಮ ಕಡೆ ಅಂದರೆ ಬಿಸಿಲು, ತೊಗರಿ, ಧೂಳು, ಅಷ್ಟೇ. ಆದರೆ ನಮ್ಮೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಕೆಂಪು ಮುರಕಲ್ಲಿನ ಗುಡ್ಡದ ಮೇಲೆ. ಡಿಸೆಂಬರ್‌ನಲ್ಲಿ ಮೋಡ ಕಡಿಮೆ, ಗಾಳಿ ಒಣ. ಮಧ್ಯಾಹ್ನ ತಲೆ ಸುಡುವ ಬಿಸಿಲು, ರಾತ್ರಿ ಕೆಲವು ಸಲ 10 ಡಿಗ್ರಿಗಿಂತ ಕೆಳಗೆ. 1901ರ ಜನವರಿಯಲ್ಲಿ 3 ಡಿಗ್ರಿ ಹತ್ತಿರ ಇಳಿದಿದ್ದು ದಾಖಲೆಯಲ್ಲೇ ಇದೆ.

2024ರ ಕ್ರಿಸ್‌ಮಸ್ ರಜೆಗೆ ನನ್ನ ಮೈದುನನ ಕುಟುಂಬ ಅಮೆರಿಕದ ಮಿನಿಯಾಪೊಲಿಸ್‌ನಿಂದ ಬಂದಿತ್ತು. ಅಲ್ಲಿ ಆ ಹೊತ್ತಿಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಗುವುದು ಏನೂ ವಿಶೇಷವಲ್ಲ. ಬರುವ ಮುಂಚೆ ನೆಗೆಣ್ಣಿ ಫೋನಿನಲ್ಲಿ, "ಅಕ್ಕಾ, ಮಕ್ಕಳಿಗಿ ಒಂದೊಂದೇ ಸ್ವೆಟರ್ ತರ್ತೀನಿ, ಹಿಮದಾಗ ಬೆಳದವರಿಗಿ ನಿಮ್ಮ ಥಂಡಿ ಏನ್ ಮಾಡ್ತದ?" ಅಂದಿದ್ದಳು. ನಾನೂ ಹೌದು ಬಿಡು ಅಂದುಕೊಂಡೆ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಮೂರು ತಾಸು ಕಾರಿನಲ್ಲಿ ಕೂತು ಬಂದವರು ಮರುದಿನ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ, ಗ್ಯಾಸ್ ಒಲೆ ಸುತ್ತ, ನಮ್ಮ ಮಾವನವರ ಶಾಲುಗಳನ್ನೂ ಹೊದ್ದುಕೊಂಡು ನಿಂತಿದ್ದರು.

ಆಮೇಲೆ ಕೂತು ಮಾತಾಡಿದಾಗ ಗೊತ್ತಾಯಿತು. ಅಲ್ಲಿ ಹೊರಗೆ ಎಷ್ಟೇ ಹಿಮ ಬೀಳಲಿ, ಮನೆ ಒಳಗೆ ಹಗಲೂ ರಾತ್ರಿ 20 ಡಿಗ್ರಿ ಮೇಲೇ ಇರುತ್ತದೆ. ಮಕ್ಕಳು ಅರ್ಧ ತೋಳಿನ ಅಂಗಿ ಹಾಕಿಕೊಂಡು ಕಿಟಕಿಯಿಂದ ಹಿಮ ನೋಡುತ್ತಾರೆ. ಹೊರಗೆ ಹೋಗಬೇಕಾದರೆ ಬೂಟು, ಕೋಟು, ಟೋಪಿ, ಕೈಗವಸು ಎಲ್ಲ ಏರಿಸಿ ಹೋಗಿ, ಬಂದ ಮೇಲೆ ಬಾಗಿಲ ಹತ್ತಿರವೇ ಕಳಚಿಡುತ್ತಾರೆ. ನಮ್ಮಲ್ಲಿ ಹೊರಗೆ 10 ಇದ್ದರೆ ಒಳಗೂ ಅದಕ್ಕಿಂತ ಒಂದಷ್ಟು ಜಾಸ್ತಿ, ಅಷ್ಟೇ. ಶಹಾಬಾದ್ ಕಲ್ಲಿನ ನೆಲ ಬೆಳಗಿನ ಜಾವ ಅಂಗಾಲಿಗೆ ಕಚ್ಚುತ್ತದೆ. ಬಾಗಿಲ ಕೆಳಗೆ ಎರಡು ಬೆರಳು ಸಂದಿ, ಗೋಡೆ ಮೇಲೆ ಮುಚ್ಚಲಾಗದ ಗವಾಕ್ಷಿ. ಚಳಿ ತಡೆಯಲಿ ಅಂತ ನಮ್ಮ ಮನೆಗಳನ್ನು ಯಾರೂ ಕಟ್ಟಿಲ್ಲ, ಬೇಸಿಗೆಗೆ ಕಟ್ಟಿದ್ದು.

ಮೈದುನ ಮೊದಲು ಹೇಳಿದ್ದು ಹೀಟರ್ ತರೋಣ ಅಂತ. ನಾನು ಬೇಡ ಅಂದೆ. 2000 ವ್ಯಾಟ್‌ನ ಹೀಟರ್ ಒಂದು ತಾಸು ಉರಿದರೆ 2 ಯೂನಿಟ್, ರಾತ್ರಿಯಿಡೀ ಹಚ್ಚಿದರೆ ಲೆಕ್ಕ ನೀವೇ ಹಾಕಿ. ಮೇಲಾಗಿ ಹಳೇ ಮನೆಯ ಸಣ್ಣ ವೈರಿಂಗ್ ಅಷ್ಟು ಲೋಡ್ ತಡೆಯುವುದಿಲ್ಲ, ಅದಕ್ಕೆ ಗೀಸರ್‌ಗೆ ಹಾಕಿದಂಥ ಬೇರೆ ಲೈನೇ ಬೇಕು. ಮಾವನವರು ಶೆಗಡಿ ಹಚ್ಚಿ ಮಕ್ಕಳ ಕೋಣೆಯಲ್ಲಿ ಇಡು ಅಂದರು. ಅದಕ್ಕೂ ನಾನು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬರುವ ವಿಷದ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಶೆಗಡಿ ಅಂಗಳದಲ್ಲಿ ಮಾತ್ರ, ಸಂಜೆ ಹೊತ್ತು, ಸುತ್ತ ಕುಂತು ಶೇಂಗಾ ಹುರಿದು ತಿನ್ನುವುದಕ್ಕೆ.

ನಾನು ಮಾಡಿದ ಮೊದಲ ಕೆಲಸ ಹಾಸಿಗೆ ಬದಲಿಸಿದ್ದು. ಮಕ್ಕಳಿಗೆ ಮೇಲಿನ ಹೊಸ ಕೋಣೆ ಕೊಟ್ಟಿದ್ದೆವು, ಅಟ್ಯಾಚ್ಡ್ ಬಾತ್‌ರೂಂ ಇದೆ, ಚೊಕ್ಕ ಇದೆ ಅಂತ. ಆದರೆ ಮನೆಯಲ್ಲೆಲ್ಲ ಥಂಡಿ ಕೋಣೆ ಅದೇ. ಮೇಲೆ ಬರೀ ಸ್ಲ್ಯಾಬ್, ಅದರ ಮೇಲೆ ಬಯಲು ಆಕಾಶ. ಸಂಜೆವರೆಗೆ ಕಾದ ಸ್ಲ್ಯಾಬ್ ಮೋಡವಿಲ್ಲದ ರಾತ್ರಿಯಲ್ಲಿ ಬೇಗ ತಣ್ಣಗಾಗುತ್ತದೆ. ಕೆಳಗೆ ಅಜ್ಜನ ಕಾಲದ ನಡುಮನೆ ಇದೆ, ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ. ಕತ್ತಲು ಅಂತ ನಾವು ಅಲ್ಲಿ ಜೋಳದ ಚೀಲ ಇಡುತ್ತಿದ್ದೆವು. ಚೀಲ ಹೊರಗೆ ಹಾಕಿ, ನೆಲಕ್ಕೆ ಮೊದಲು ಗೋಣಿ ತಟ್ಟು, ಅದರ ಮೇಲೆ ಜಮಖಾನ, ಅದರ ಮೇಲೆ ಗಾದಿ ಹಾಸಿದೆ. ಅಂದಿನಿಂದ ಮಕ್ಕಳು ಮೇಲಕ್ಕೆ ಹೋಗಲೇ ಇಲ್ಲ. ಬಾತ್‌ರೂಂಗೆ ಅಂಗಳ ದಾಟಿ ಓಡಬೇಕು, ಅದೊಂದು ಗೋಳು, ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಎರಡನೆಯದು ನೆಗೆಣ್ಣಿ ಕಲಿಸಿದ್ದು. ಹಳೇ ಟವೆಲ್ ಸುತ್ತಿ, ಎರಡು ಕಡೆ ದಾರ ಕಟ್ಟಿ, ಬಾಗಿಲ ಕೆಳಗಿನ ಸಂದಿಗೆ ಒತ್ತಿ ಇಡುವುದು. ಅವರಲ್ಲಿ ಹಳೇ ಮನೆಗಳಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರಂತೆ. ಹಗಲು ದಕ್ಷಿಣದ ಕಿಟಕಿಯ ಪರದೆ ಪೂರ್ತಿ ತೆಗೆದಿಡಬೇಕು, ಹೊತ್ತು ಮುಳುಗುವ ಮುಂಚೆ ಎಳೆದುಬಿಡಬೇಕು, ಇದೂ ಅವಳೇ ಹೇಳಿದ್ದು. ನಾವು ಇಷ್ಟು ವರ್ಷ ಸಂಜೆ ದೀಪ ಹಚ್ಚಿ, ಲಕ್ಷ್ಮಿ ಬರಲಿ ಅಂತ ಬಾಗಿಲು ತೆರೆದಿಟ್ಟು ಥಂಡಿಯನ್ನೂ ಒಳಗೆ ಕರೆಯುತ್ತಿದ್ದೆವು! ಈಗ ಅರ್ಧ ತಾಸು ಮಾತ್ರ ತೆರೆದಿಡುತ್ತೇವೆ. ಅತ್ತೆಯವರು ಒಪ್ಪಿದ್ದಾರೆ, ಅಷ್ಟು ಹೊತ್ತಿನಲ್ಲಿ ಬರುವವಳು ಬಂದಿರುತ್ತಾಳಂತೆ.

ಹೊದೆಯಲು ಕೌದಿ. ಹಳೇ ಕಾಟನ್ ಸೀರೆ, ಧೋತರ ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ್ದು. ಅಂಗಡಿಯ ಮೆತ್ತನೆ ಬ್ಲಾಂಕೆಟ್‌ಗಿಂತ ಇದು ಭಾರ, ಆದರೆ ಮೈಮೇಲೆ ಕೂರುತ್ತದೆ, ಮಕ್ಕಳು ಒದ್ದರೂ ಜಾರುವುದಿಲ್ಲ. ಗುಟ್ಟು ಇರುವುದು ಬಿಸಿಲಿಗೆ ಹಾಕುವುದರಲ್ಲಿ. ಹನ್ನೊಂದಕ್ಕೆ ಮಾಳಿಗೆ ಮೇಲೆ ಹರವಿ, ಒಂದಕ್ಕೆ ಮಗ್ಗುಲು ತಿರುಗಿಸಿ, ನಾಲ್ಕರೊಳಗೆ ಮಡಚಿ ಒಳಗೆ ತಂದು ಒಂದರ ಮೇಲೊಂದು ಒಟ್ಟಿಬಿಡಬೇಕು. ಐದೂವರೆವರೆಗೆ ಬಿಟ್ಟರೆ ಕಾದದ್ದೆಲ್ಲ ಹೋಗಿ ತಣ್ಣಗಾಗಿರುತ್ತದೆ. ಸರಿಯಾಗಿ ಒಟ್ಟಿದ್ದರೆ ರಾತ್ರಿ ಮಲಗುವಾಗ ಒಳಗಿನ ಪದರಿನಲ್ಲಿ ಇನ್ನೂ ಬಿಸಿ ಇರುತ್ತದೆ, ಕೈ ಹಾಕಿ ನೋಡಿ.

ಜನರೂ ಹಾಗೇ. ನಮ್ಮ ಮನೆಯಲ್ಲಿ ಚಳಿಗಾಲದ ದಿನಚರಿ ನಡೆಯುವುದು ಬಿಸಿಲಿನ ಹಿಂದೆ. ಬೆಳಿಗ್ಗೆ ಮೂಡಲ ಕಟ್ಟೆ, ಮಧ್ಯಾಹ್ನ ಮಾಳಿಗೆ, ಸಂಜೆ ಪಡುವಣ ಗೋಡೆ. ಕಾಯಿಪಲ್ಯ ಹೆಚ್ಚುವುದು, ಅಕ್ಕಿ ಆರಿಸುವುದು, ತಲೆ ಬಾಚುವುದು, ಮಾವನವರ ಪೇಪರ್, ಎಲ್ಲ ಅಲ್ಲಲ್ಲೇ. ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಅಂಥಲ್ಲಿಂದ ಬಂದ ಮಕ್ಕಳು ಮಾಳಿಗೆ ಮೇಲೆ ಬಿಸಿಲಲ್ಲಿ ಬಿದ್ದುಕೊಂಡಿದ್ದು ನೋಡಿ ನಮ್ಮ ಓಣಿಯವರಿಗೆ ಆಶ್ಚರ್ಯ.

ಸ್ನಾನದ ಜಗಳ ಮಾತ್ರ ದೊಡ್ಡದಾಯಿತು. ಸ್ನಾನ ಇಲ್ಲದೆ ನಾಷ್ಟಾ ಇಲ್ಲ ಅನ್ನುವುದು ಮಾವನವರ ಕಾನೂನು. ಮಕ್ಕಳು ಆರು ಗಂಟೆಗೆ ಬಚ್ಚಲಿಗೆ ಹೋಗಲು ಬಿಲ್‌ಕುಲ್ ತಯಾರಿಲ್ಲ. ಕೊನೆಗೆ ಹನ್ನೊಂದಕ್ಕೆ ಸ್ನಾನ, ಅಮಾವಾಸ್ಯೆ ದಿನ ಮಾತ್ರ ಮುಂಜಾನೆ ಅಂತ ರಾಜಿ ಮಾಡಿಸಿದೆ. ನೀರಿಗೆ ಹಂಡೆ, ಉರಿಗೆ ತೊಗರಿ ಕಟ್ಟಿಗೆ. ಒಣಗಿದ ತೊಗರಿ ಕಟ್ಟಿಗೆ ಚಟಚಟ ಅಂತ ಹತ್ತಿಕೊಳ್ಳುತ್ತದೆ, ಬೇಗ ಮುಗಿದೂ ಹೋಗುತ್ತದೆ, ಹಾಗಾಗಿ ಒಬ್ಬರು ಒಲೆ ಮುಂದೆ ಇರಲೇಬೇಕು. ಆ ಕೆಲಸಕ್ಕೆ ಮಕ್ಕಳೇ ಜಗಳಾಡಿಕೊಂಡು ಕೂರುತ್ತಿದ್ದರು. ಬೆಚ್ಚಗಿರುವ ಜಾಗ ಅಲ್ವಾ.

ಇನ್ನೊಂದು ಯಾರೂ ಹೇಳದ ತೊಂದರೆ. ಅವರಿಗೂ ನಮಗೂ ಚಳಿಗಾಲದಲ್ಲಿ ಹನ್ನೊಂದೂವರೆ ತಾಸು ವ್ಯತ್ಯಾಸ, ಅಂದರೆ ಹಗಲು ರಾತ್ರಿ ಪೂರ್ತಿ ಉಲ್ಟಾ. ಮಕ್ಕಳು ನಸುಕಿನ ಮೂರಕ್ಕೆ ಎದ್ದು "ದೊಡ್ಡವ್ವಾ, ಹಸಿವು" ಅನ್ನುತ್ತಿದ್ದರು. ಥಂಡಿ ಏರುವ ಹೊತ್ತೂ ಅದೇ. ನಾನು ಮಲಗುವ ಮುಂಚೆ ಥರ್ಮಾಸ್‌ನಲ್ಲಿ ಬಿಸಿ ಹಾಲು, ಡಬ್ಬಿಯಲ್ಲಿ ಚುಡವಾ, ಶೇಂಗಾ ಉಂಡಿ ಅವರ ತಲೆದಿಂಬಿನ ಹತ್ತಿರವೇ ಇಡಲು ಶುರು ಮಾಡಿದೆ. ಎದ್ದು ಓಡಾಡಬಾರದು, ಕೌದಿ ಒಳಗೇ ತಿನ್ನಬೇಕು, ಚೆಲ್ಲಿದರೆ ಬೆಳಿಗ್ಗೆ ನೋಡಿಕೊಳ್ಳೋಣ. ನನಗೆ ನಿದ್ದೆ ಸಿಕ್ಕಿತು.

ಅಡುಗೆಮನೆಯಲ್ಲಿ ಥಂಡಿಗೆ ಮೊದಲು ಮುನಿಯುವುದು ಮೊಸರು. ಹಾಲು ಬೇಸಿಗೆಗಿಂತ ಸ್ವಲ್ಪ ಬಿಸಿ ಇದ್ದಾಗಲೇ ಹೆಪ್ಪು ಹಾಕಿ, ಹೆಪ್ಪೂ ಒಂದು ಚಮಚ ಜಾಸ್ತಿ ಹಾಕಿ, ಪಾತ್ರೆಯನ್ನು ಟವೆಲ್‌ನಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟರೆ ಬೆಳಿಗ್ಗೆಗೆ ಗಟ್ಟಿ ಆಗುತ್ತದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ. ತುಟಿ ಒಡೆದವರಿಗೆ ತುಪ್ಪ ಸಾಕು. ಸಜ್ಜೆ ಹಿಟ್ಟು ಮಾತ್ರ ಒಮ್ಮೆಗೇ ಜಾಸ್ತಿ ಬೀಸಿಸಬೇಡಿ, ಬೇಗ ಕಹಿ ಆಗುತ್ತದೆ. ನಾನು ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಕಳಿಸುತ್ತೇನೆ. ಸಜ್ಜೆಗೆ ಜಿಗುಟು ಕಡಿಮೆ, ಕುದಿವ ನೀರಲ್ಲೇ ನಾದಬೇಕು, ಬಡಿಯುವಾಗ ಅಂಚು ಸೀಳಿದರೆ ಒದ್ದೆ ಬೆರಳಿನಿಂದ ಸವರಬೇಕು. ಮೇಲೆ ಎಳ್ಳು ಒತ್ತಿ ಹಂಚಿಗೆ ಹಾಕಿದರೆ ಎಳ್ಳು ಸಿಡಿಯುವ ಸಪ್ಪಳಕ್ಕೇ ಮಂದಿ ಅಡುಗೆಮನೆಗೆ ಬರುತ್ತಾರೆ.

ಕ್ರಿಸ್‌ಮಸ್ ದಿನ ಪಕ್ಕದ ಮನೆಯಿಂದ ಕೇಕ್ ಬಂತು. ಬೀದರ್‌ನಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಬಹಳ ಇದ್ದಾರೆ, ಮಂಗಲಪೇಟೆ ಕಡೆ ಹೋದರೆ ಮನೆ ಮನೆಗೂ ನಕ್ಷತ್ರದ ದೀಪ. ಮಕ್ಕಳು ನೋಡಿ ಬಂದು, ಹಿಮ ಇಲ್ಲದ ಕ್ರಿಸ್‌ಮಸ್ ಅಂತ ಗೆಳೆಯರಿಗೆ ಫೋಟೊ ಕಳಿಸಿದರು. ಹಿಮ ಇಲ್ಲದ್ದಕ್ಕೆ ಬೇಜಾರಾಯಿತಾ ಅಂತ ಕೇಳಿದೆ. ಮೈದುನನೇ ಉತ್ತರ ಕೊಟ್ಟ. ಹಿಮ ನಿಂತು 24 ತಾಸಿನೊಳಗೆ ಮನೆ ಮುಂದಿನ ಕಾಲುದಾರಿ ನಾವೇ ಸಲಿಕೆ ಹಿಡಿದು ತೆಗೆಯಬೇಕು, ಊರಿನ ಕಾಯ್ದೆಯೇ ಹಾಗಿದೆ, ಜಾಸ್ತಿ ಬಿದ್ದ ದಿನ ಕಾರು ತಪ್ಪು ಬದಿಗೆ ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ, ಉಪ್ಪು ಚೆಲ್ಲಿದರೆ ಮಂಜುಗಡ್ಡೆ ಕರಗುತ್ತದೆ ನಿಜ, ಆದರೆ ಥಂಡಿ ತೀರಾ ಜಾಸ್ತಿಯಾದರೆ ಉಪ್ಪೂ ನಡೆಯುವುದಿಲ್ಲ, ಆಗ ಮರಳೇ ಗತಿ. "ವೈನಿ, ಬೇಜಾರ ಯಾರಿಗೂ ಆಗಿಲ್ಲ" ಅಂದ.

ರಜೆಯ ದೊಡ್ಡ ದಿನ ಬಂದಿದ್ದು ಡಿಸೆಂಬರ್ 30ಕ್ಕೆ, ಎಳ್ಳಮಾವಾಸ್ಯೆ, ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ಹಿಂದಿನ ದಿನ ಮಧ್ಯಾಹ್ನದಿಂದ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಕಾಯಿ ಸುಲಿಯಲು ಕೂತರು. ಹಸಿ ತೊಗರಿ, ಅವರೆ, ಬಟಾಣಿ, ಹಸಿ ಕಡಲೆ. ಕಡಲೆ ಗಿಡದ ಎಲೆಗೆ ಹುಳಿ ಇರುತ್ತದೆ, ಬೆರಳಿಗೆ ಅಂಟಿದ್ದನ್ನು ನೆಕ್ಕಿ ಮಕ್ಕಳು ಮುಖ ಕಿವುಚಿದರು, ಮತ್ತೆ ನೆಕ್ಕಿದರು. ಮಾವನವರು ಆಗ, ಹಿಂದೆ ರಾತ್ರಿ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಗೆ ತೊಯ್ದ ಬಟ್ಟೆ ಹಿಂಡಿ ಹುಳಿ ಇಟ್ಟುಕೊಳ್ಳುತ್ತಿದ್ದದ್ದು, ಹೊಟ್ಟೆನೋವಿಗೆ ಕೊಡುತ್ತಿದ್ದದ್ದು ಹೇಳಿದರು.

ಈ ಹಬ್ಬದ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು, ತಪ್ಪಲು ಹಾಕಿ ಕುದಿಸಿದ ಪಲ್ಯ, ನಾನು ಮಾಡುವುದು ಹೀಗೆ. ಸುಲಿದ ಕಾಳು ಮತ್ತು ಶೇಂಗಾ ಮೊದಲು ಬೇಯಿಸಿ, ಅರ್ಧ ಬೆಂದಾಗ ಬದನೆಕಾಯಿ, ಗಜ್ಜರಿ. ಆಮೇಲೆ ಮೆಂತ್ಯ, ಪಾಲಕ್, ಚುಕ್ಕಾ ಅನ್ನುವ ಹುಳಿ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಒಂದು ಹಿಡಿ ಬಾರಿಹಣ್ಣು. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕುಟ್ಟಿ ಹಾಕುತ್ತೇನೆ. ಹುಣಸೆ ರಸ ನೋಡಿಕೊಂಡು, ಚುಕ್ಕಾ ಹುಳಿ ಇದ್ದರೆ ಕಡಿಮೆ. ಕಡಲೆ ಹಿಟ್ಟು ನೀರಲ್ಲಿ ಗಂಟಿಲ್ಲದೆ ಕದಡಿ ಸಣ್ಣಗೆ ಹೊಯ್ಯುತ್ತಾ ತಿರುವಬೇಕು, ಅಡಿ ಹತ್ತುವುದು ಇಲ್ಲೇ. ಬಿಸಿ ಇರುವಾಗ ಸ್ವಲ್ಪ ತೆಳ್ಳಗೇ ಇಳಿಸಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ರಾತ್ರಿ ಮಾಡಿಟ್ಟರೆ ಮರುದಿನ ರುಚಿ. ಥಂಡಿ ಇರುವುದರಿಂದ ಹುಳಿಸುವುದಿಲ್ಲ, ಇಡೀ ಡಿಸೆಂಬರ್‌ನಲ್ಲಿ ನಾನು ಥಂಡಿಗೆ ಒಳ್ಳೇ ಮಾತು ಹೇಳುವುದು ಇದೊಂದಕ್ಕೇ. ಅಂಬಲಿಗೆ ಅದೇ ಥಂಡಿ ವೈರಿ, ಜೋಳದ ಹಿಟ್ಟು ಹುಳಿ ಬರಲಿ ಅಂತ ಗಡಿಗೆಯನ್ನು ಒಲೆ ಪಕ್ಕ ಇಟ್ಟಿದ್ದೆ.

ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಾಗ ಬೀದರ್ ಪೇಟೆ ಖಾಲಿ, ಅರ್ಧ ಊರೇ ಹೊಲದ ದಾರಿಯಲ್ಲಿ. ಜೋಳದ ದಂಟಿನ ಕೊಂಪಿ ಒಳಗೆ ಪಾಂಡವರು ಅಂತ ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಅಂತ ನೈವೇದ್ಯದ ಅಡುಗೆ ಚೆಲ್ಲಿ, ಆಮೇಲೆ ಊಟ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಮಕ್ಕಳು ಭಜ್ಜಿಯಲ್ಲಿ ಬರೀ ಬಾರಿಹಣ್ಣು ಹುಡುಕಿ ತಿಂದರು. ಸ್ವೆಟರ್ ಹತ್ತು ಗಂಟೆಗೇ ಕಳಚಿ ಕೊಂಪಿ ಮೇಲೆ ಬಿದ್ದಿತ್ತು.

ಈ ಸಲ ಅವರು ಮತ್ತೆ ಬರುತ್ತೇವೆ ಅಂದಿದ್ದಾರೆ. ಟವೆಲ್ ದಿನಾ ಒತ್ತಿಡುವುದು ರೇಜಿಗೆ ಅಂತ ಬಾಗಿಲುಗಳ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿದ್ದೇನೆ. ಅತ್ತೆಯವರ ಹಳೇ ಸೀರೆ ಒಗೆದು ಕಟ್ಟಿಟ್ಟಿದ್ದೇನೆ, ಕೌದಿ ಹೊಲಿಯುವವರು ದೀಪಾವಳಿ ಮುಗಿಯಲಿ ಅಂದಿದ್ದಾರೆ. ಜೋಳದ ಚೀಲಗಳನ್ನು ಮೇಲಿನ ಕೋಣೆಗೆ ಸಾಗಿಸುವ ಕೆಲಸ ಮಾತ್ರ ಬಾಕಿ ಇದೆ, ಅದು ನಮ್ಮ ಯಜಮಾನರ ಪಾಲಿಗೆ.