ಬಿಇ ಪ್ರಾಜೆಕ್ಟ್ ರಿಪೋರ್ಟ್: ಖಾಲಿ ಫೈಲ್‌ನಿಂದ ಬೈಂಡಿಂಗ್‌ವರೆಗೆ

ಸೀನಿಯರ್ ಕಳಿಸಿದ ವರ್ಡ್ ಫೈಲ್ ತೆಗೆದು, ಅದರಲ್ಲೇ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಸಂಖ್ಯೆ) ಬದಲಾಯಿಸಿ ರಿಪೋರ್ಟ್ ಶುರು ಮಾಡಬೇಡಿ. ಆ ಫೈಲು ಅವರಿಗೂ ಅವರ ಸೀನಿಯರ್‌ನಿಂದಲೇ ಬಂದಿರುತ್ತದೆ. ಒಳಗೆ ನಾಲ್ಕು ಥರದ ಫಾಂಟ್, ಸ್ಪೇಸ್ ಬಾರ್ ಒತ್ತಿ ಒತ್ತಿ ಮಧ್ಯಕ್ಕೆ ತಂದ ಹೆಡಿಂಗ್, ಕೈಯಲ್ಲೇ ಟೈಪ್ ಮಾಡಿದ ಪರಿವಿಡಿ, ಎಲ್ಲ ಇರುತ್ತವೆ. ಹಳೇ ರಿಪೋರ್ಟನ್ನು ಅಧ್ಯಾಯಗಳ ಕ್ರಮ ನೋಡಲು ಪಕ್ಕದಲ್ಲಿ ಇಟ್ಟುಕೊಳ್ಳಿ. ಬರೆಯುವುದಕ್ಕೆ ಮಾತ್ರ ಖಾಲಿ ಫೈಲ್.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆದರೂ ಎಲ್ಲರಿಗೂ ಮೊದಲ ಕೆಲಸ ಒಂದೇ. ನಿಮ್ಮ ಪ್ರಾಜೆಕ್ಟ್ ಕೋಆರ್ಡಿನೇಟರ್ ಹತ್ತಿರ ಹೋಗಿ ಈ ವರ್ಷದ ಫಾರ್ಮ್ಯಾಟ್ ಕೇಳಿ ತಗೊಳ್ಳಿ. ಮಾರ್ಜಿನ್, ಫಾಂಟ್, ಎಷ್ಟು ಕಾಪಿ, ರಟ್ಟಿನ ಬಣ್ಣ, ಎಲ್ಲಕ್ಕೂ ಅದೇ ಕೊನೇ ಮಾತು. ಇಲ್ಲಿ ನಾನು ಹೇಳಿದ್ದು ಅದಕ್ಕೆ ಹೊಂದದಿದ್ದರೆ ನನ್ನದನ್ನು ಬಿಡಿ.

ಖಾಲಿ ಫೈಲ್‌ನಲ್ಲಿ ಒಂದು ವಾಕ್ಯ ಬರೆಯುವ ಮೊದಲೇ ಸ್ಟೈಲ್ ಸೆಟ್ ಮಾಡಿ. ಕಾಗದ ಎ4. ಸಾಮಾನ್ಯವಾಗಿ ಟೈಮ್ಸ್ ನ್ಯೂ ರೋಮನ್ 12, ಸಾಲುಗಳ ನಡುವೆ 1.5 ಅಂತರ, ಎರಡೂ ಬದಿ ಸಮ. ಎಡ ಮಾರ್ಜಿನ್ ಉಳಿದವುಗಳಿಗಿಂತ ಜಾಸ್ತಿ ಇರಬೇಕು, 1.25 ಇಂಚಾದರೂ ಬಿಡಿ, ಯಾಕಂದ್ರೆ ಬೈಂಡಿಂಗ್ ಅಷ್ಟು ಜಾಗ ತಿನ್ನುತ್ತದೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಗಿನ ವಿಭಾಗಕ್ಕೆ ಹೆಡಿಂಗ್ 2, ಅದರೊಳಗಿನದಕ್ಕೆ ಹೆಡಿಂಗ್ 3. ಅಕ್ಷರ ದಪ್ಪ ಮಾಡಿ ದೊಡ್ಡದು ಮಾಡಿದರೆ ನೋಡೋಕೆ ಹೆಡಿಂಗ್ ಥರಾನೇ ಕಾಣುತ್ತದೆ, ಆದರೆ ವರ್ಡ್‌ಗೆ ಅದು ಬರೀ ದಪ್ಪ ಅಕ್ಷರ, ಪರಿವಿಡಿ ಮಾಡುವಾಗ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸ್ಟೈಲ್ ಸರಿಯಾಗಿ ಹಾಕಿದ್ದರೆ ರೆಫರೆನ್ಸಸ್ ಮೆನುವಿನಿಂದ ಪರಿವಿಡಿ ತಾನಾಗಿ ಬರುತ್ತದೆ. ಆಮೇಲೆ ಏನೇ ಬದಲಾದರೂ ಕಂಟ್ರೋಲ್ ಎ ಒತ್ತಿ ಎಫ್9 ಒತ್ತಿದರೆ ಸಾಕು.

ಪುಟ ಸಂಖ್ಯೆಯಲ್ಲಿ ಎಲ್ಲರೂ ಒದ್ದಾಡುತ್ತಾರೆ. ಮುಖಪುಟಕ್ಕೆ, ಸರ್ಟಿಫಿಕೇಟ್‌ಗೆ ಸಂಖ್ಯೆ ಬೇಡ. ಅಬ್‌ಸ್ಟ್ರಾಕ್ಟ್, ಪರಿವಿಡಿ, ಚಿತ್ರಗಳ ಪಟ್ಟಿಗೆ ಸಣ್ಣ ರೋಮನ್ ಅಂಕಿ. ಒಂದನೇ ಅಧ್ಯಾಯದಿಂದ 1, 2, 3. ಹೀಗೆ ಬರಬೇಕಾದರೆ ಆ ಭಾಗಗಳ ನಡುವೆ ಪೇಜ್ ಬ್ರೇಕ್ ಸಾಲದು, ಲೇಔಟ್ ಮೆನುವಿನಲ್ಲಿರುವ ಸೆಕ್ಷನ್ ಬ್ರೇಕ್ ಹಾಕಬೇಕು. ಹಾಕಿದ ಮೇಲೆ ಹೊಸ ಸೆಕ್ಷನ್‌ನ ಫುಟರ್ ಮೇಲೆ ಡಬಲ್ ಕ್ಲಿಕ್ ಮಾಡಿ 'ಲಿಂಕ್ ಟು ಪ್ರೀವಿಯಸ್' ಆಫ್ ಮಾಡಿ. ಇದನ್ನು ಆಫ್ ಮಾಡದೇ ಇದ್ದರೆ ಒಂದು ಕಡೆ ತೆಗೆದ ಸಂಖ್ಯೆ ಎಲ್ಲಾ ಕಡೆ ಹೋಗುತ್ತದೆ.

ಚಿತ್ರದ ಹೆಸರು ಚಿತ್ರದ ಕೆಳಗೆ, ಟೇಬಲ್ ಹೆಸರು ಟೇಬಲ್ ಮೇಲೆ. ಎರಡನ್ನೂ 'ಇನ್ಸರ್ಟ್ ಕ್ಯಾಪ್ಷನ್' ಮೂಲಕವೇ ಹಾಕಿ. ನಡುವೆ ಒಂದು ಹೊಸ ಚಿತ್ರ ಸೇರಿಸಿದಾಗ ಮುಂದಿನ ಇಪ್ಪತ್ತು ಸಂಖ್ಯೆ ಕೈಯಲ್ಲಿ ತಿದ್ದುವ ಕೆಲಸ ತಪ್ಪುತ್ತದೆ. ಪ್ರತಿ ಚಿತ್ರದ ಬಗ್ಗೆಯೂ ಪಠ್ಯದಲ್ಲಿ ಒಂದು ಮಾತಾದರೂ ಇರಲಿ. ಕೋಡ್ ಎಡಿಟರ್‌ನ ಕಪ್ಪು ಥೀಮ್ ಸ್ಕ್ರೀನ್‌ಶಾಟ್ ಪ್ರಿಂಟ್‌ನಲ್ಲಿ ಮಸಿ ಬಳಿದ ಹಾಗೆ ಬರುತ್ತದೆ, ಲೈಟ್ ಥೀಮ್‌ಗೆ ಬದಲಾಯಿಸಿ ತೆಗೆಯಿರಿ. ಗ್ರಾಫ್‌ಗಳನ್ನು ಸ್ಕ್ರೀನ್‌ಶಾಟ್ ತೆಗೆಯಬೇಡಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೇ (ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ) 300 ಡಿಪಿಐನಲ್ಲಿ ಸೇವ್ ಮಾಡಿ, ಎರಡೂ ಅಕ್ಷಕ್ಕೆ ಹೆಸರು, ಯೂನಿಟ್ ಬರೆಯಿರಿ. ಬ್ರೆಡ್‌ಬೋರ್ಡ್ ಫೋಟೊ ಹಾಕಿ ಅದನ್ನೇ ಸರ್ಕ್ಯೂಟ್ ಡಯಾಗ್ರಾಮ್ ಅಂತ ಕರೆಯಬೇಡಿ. ಫೋಟೊ ಇರಲಿ, ಸರ್ಕ್ಯೂಟ್ ಬೇರೆಯಾಗಿ ಬರೆಯಿರಿ.

ಫಾರ್ಮ್ಯಾಟ್ ಇಷ್ಟಾದರೆ ಆಯ್ತು. ನಿಜವಾದ ಸಮಸ್ಯೆ ಇರುವುದು ಒಳಗಿನ ಬರಹದಲ್ಲಿ. ಎಷ್ಟೋ ರಿಪೋರ್ಟ್‌ಗಳಲ್ಲಿ ಐಒಟಿ ಎಂದರೇನು, ಪೈಥಾನ್ ಎಂದರೇನು, ವಾಟರ್‌ಫಾಲ್ ಮಾಡೆಲ್ ಎಂದರೇನು ಅಂತ ಪುಟಗಟ್ಟಲೆ ಇರುತ್ತದೆ, ನೀವು ತಿಂಗಳುಗಟ್ಟಲೆ ಮಾಡಿದ ಟೆಸ್ಟಿಂಗ್‌ಗೆ ಎರಡೇ ಪುಟ. ಎಕ್ಸ್‌ಟರ್ನಲ್‌ಗೆ, ಅಂದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ, ಪೈಥಾನ್ ಗೊತ್ತು. ಅವರಿಗೆ ಗೊತ್ತಿಲ್ಲದಿರುವುದು ನೀವು ಏನು ಮಾಡಿದಿರಿ ಅನ್ನುವುದು ಮಾತ್ರ, ಅಲ್ವಾ?

ಒಂದು ಉದಾಹರಣೆ ತಗೊಳ್ಳಿ. ಮಣ್ಣಿನ ತೇವ ನೋಡಿ ಡ್ರಿಪ್ ಪಂಪ್ ಆನ್ ಮಾಡುವ ಪ್ರಾಜೆಕ್ಟ್, ವೈಫೈ ಇರುವ ಇಎಸ್‌ಪಿ32 ಕಂಟ್ರೋಲರ್ ಬೋರ್ಡ್. ರಿಸಲ್ಟ್ಸ್ ಅಧ್ಯಾಯದಲ್ಲಿ 'ನಮ್ಮ ವ್ಯವಸ್ಥೆ ಯಶಸ್ವಿಯಾಗಿ ಕೆಲಸ ಮಾಡಿತು' ಅನ್ನೋ ಅರ್ಥದ ವಾಕ್ಯ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ತೇವ 30%ಗಿಂತ ಕೆಳಗೆ ಇಳಿದ 20 ಸಲದಲ್ಲಿ 18 ಸಲ ಪಂಪ್ ಆನ್ ಆಯಿತು, ಉಳಿದ 2 ಸಲ ವೈಫೈ ಕಡಿದಿತ್ತು. ಈಗ ಅದು ಫಲಿತಾಂಶ. ಅಂಕಿ ನಿಮ್ಮ ನೋಟ್‌ಬುಕ್‌ನದ್ದೇ ಆಗಿರಬೇಕು, ಆದ್ದರಿಂದ ಟೆಸ್ಟ್ ಮಾಡುವ ದಿನವೇ ಬರೆದಿಟ್ಟುಕೊಳ್ಳಿ.

ಕೆಲಸ ಮಾಡದೇ ಹೋದದ್ದನ್ನೂ ಬರೆಯಿರಿ. ಇದೇ ಬೋರ್ಡ್‌ನಲ್ಲಿ ಸೆನ್ಸರ್‌ನ ವೋಲ್ಟೇಜನ್ನು ಅಂಕಿಗೆ ಬದಲಾಯಿಸುವ ಎಡಿಸಿ ಎರಡಿವೆ; ವೈಫೈ ಓಡುತ್ತಿರುವಾಗ ಎಡಿಸಿ2 ಪಿನ್‌ಗಳಲ್ಲಿ ಅನಲಾಗ್ ರೀಡಿಂಗ್ ಸರಿಯಾಗಿ ಸಿಗುವುದಿಲ್ಲ. ಸೆನ್ಸರ್ ಅನ್ನು ಎಡಿಸಿ2ರ ಜಿಪಿಐಒ 4 ಪಿನ್‌ಗೆ ಹಾಕಿದವರು ಕೋಡ್ ತಪ್ಪು, ಸೆನ್ಸರ್ ಹಾಳು ಅಂತೆಲ್ಲ ಹುಡುಕಾಡಿ ಕೊನೆಗೆ ಅದನ್ನು ಎಡಿಸಿ1ರ ಜಿಪಿಐಒ 34ಕ್ಕೆ ಬದಲಾಯಿಸಿ ಸರಿ ಮಾಡಿಕೊಳ್ಳುತ್ತಾರೆ, ಆದರೆ ರಿಪೋರ್ಟ್‌ನಲ್ಲಿ ಆ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಬರೆಯಬೇಕಾದ್ದು ಅದನ್ನೇ! ಈ ಒಂದು ಪ್ಯಾರಾ ಓದಿದ ತಕ್ಷಣ ಎಕ್ಸ್‌ಟರ್ನಲ್‌ಗೆ ಗೊತ್ತಾಗುತ್ತದೆ, ಈ ಹುಡುಗರು ಕೈಯಾರೆ ಮಾಡಿದ್ದಾರೆ, ಅಂಗಡಿಯಿಂದ ತಂದ ಪ್ರಾಜೆಕ್ಟ್ ಅಲ್ಲ ಅಂತ. ವೈವಾದಲ್ಲಿ ಪ್ರಶ್ನೆಯೂ ಅಲ್ಲಿಂದಲೇ ಬರುವ ಸಾಧ್ಯತೆ ಜಾಸ್ತಿ, ಉತ್ತರ ನಿಮಗೆ ಗೊತ್ತೇ ಇರುತ್ತದೆ.

ಬರೆಯುವ ಕ್ರಮದ ಬಗ್ಗೆ ಒಂದು ಮಾತು. ಒಂದನೇ ಅಧ್ಯಾಯದಿಂದ ಶುರು ಮಾಡಬೇಡಿ. ಮೊದಲು ಡಿಸೈನ್, ಇಂಪ್ಲಿಮೆಂಟೇಶನ್ ಬರೆಯಿರಿ, ನೆನಪು ಹಸಿಯಾಗಿರುತ್ತದೆ. ಆಮೇಲೆ ರಿಸಲ್ಟ್ಸ್, ನಂತರ ಇಂಟ್ರೊಡಕ್ಷನ್. ಅಬ್‌ಸ್ಟ್ರಾಕ್ಟ್ ಕೊನೆಗೆ, ಒಂದೇ ಪುಟ: ಸಮಸ್ಯೆ ಏನು, ಏನು ಮಾಡಿದಿರಿ, ಎಷ್ಟು ಸಿಕ್ಕಿತು.

ಲಿಟರೇಚರ್ ಸರ್ವೆಯಲ್ಲಿ ಒಂದೊಂದು ಪೇಪರ್‌ನ ಅಬ್‌ಸ್ಟ್ರಾಕ್ಟ್ ಎತ್ತಿ ಅಂಟಿಸುವುದು ಸರ್ವೆ ಅಲ್ಲ. ಅವರು ಏನು ಮಾಡಿದರು, ಏನು ಬಿಟ್ಟರು, ನಿಮ್ಮ ಕೆಲಸ ಎಲ್ಲಿ ಸೇರುತ್ತದೆ, ಮೂರೇ ವಾಕ್ಯ ಸಾಕು. ಐಇಇಇ ಶೈಲಿಯಲ್ಲಾದರೆ ಪಠ್ಯದಲ್ಲಿ ಯಾವ ಪೇಪರ್ ಮೊದಲು ಬರುತ್ತದೋ ಅದಕ್ಕೆ ಚೌಕ ಆವರಣದಲ್ಲಿ [1], ಕೊನೆಯ ಪಟ್ಟಿಯೂ ಅದೇ ಕ್ರಮದಲ್ಲಿ. ಜೊಟೆರೊ ಅನ್ನೋ ಉಚಿತ ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸ್ ಪಟ್ಟಿಯನ್ನು ಹಾಗೇ ಹಾಕಲೇಬೇಡಿ. ಇಲ್ಲದ ಪೇಪರ್‌ಗೆ ಲೇಖಕರ ಹೆಸರು, ವರ್ಷ ಸಮೇತ ಹುಟ್ಟಿಸಿಬಿಡುತ್ತದೆ. ಪ್ರತಿಯೊಂದರ ಡಿಒಐ (ಪೇಪರ್‌ನ ಖಾಯಂ ಆನ್‌ಲೈನ್ ಗುರುತು) ತೆರೆದು ನೋಡಿ, ಪೇಪರ್ ಓದಿ, ಆಮೇಲೆ ಸೇರಿಸಿ. ಪ್ಲೇಜರಿಸಂ ಮಿತಿ ಎಷ್ಟು ಅಂತ ಕಾಲೇಜಿನಲ್ಲೇ ಮೊದಲೇ ಕೇಳಿಕೊಳ್ಳಿ.

ಕೋಡ್ ಪೂರ್ತಿ ಅಪೆಂಡಿಕ್ಸ್‌ಗೆ ಸುರಿಯಬೇಡಿ. ಮುಖ್ಯವಾದ ಭಾಗ ಹಾಕಿ, ಉಳಿದದ್ದಕ್ಕೆ ಗಿಟ್‌ಹಬ್ ಲಿಂಕ್ ಕೊಡಿ. ಹಾಕುವ ಮೊದಲು ವೈಫೈ ಪಾಸ್‌ವರ್ಡ್, ಎಪಿಐ ಕೀ ಅಳಿಸಿದ್ದೀರಾ ನೋಡಿ.

ಮುಖಪುಟ, ಸರ್ಟಿಫಿಕೇಟ್ ಎರಡನ್ನೂ ಟೀಮ್‌ನ ಎಲ್ಲರೂ ಕೂತು ಜೋರಾಗಿ ಓದಿ. ಯುಎಸ್‌ಎನ್‌ನ ಹತ್ತೂ ಅಕ್ಷರ ಸರಿ ಇವೆಯೇ? ಗೈಡ್ ಹೆಸರಿನ ಇನಿಷಿಯಲ್, ಹುದ್ದೆ ಸರಿಯೇ? ಅಸಿಸ್ಟೆಂಟ್ ಪ್ರೊಫೆಸರ್ ಈ ವರ್ಷ ಅಸೋಸಿಯೇಟ್ ಆಗಿರಬಹುದು. ವಿಶ್ವವಿದ್ಯಾಲಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಡಬ್ಲ್ಯೂ ಬರುವುದಿಲ್ಲ, ಮೂರೂ ಕಡೆ ವಿ (Visvesvaraya). ವಿಳಾಸ ಜ್ಞಾನ ಸಂಗಮ, ಬೆಳಗಾವಿ 590018. 2014ಕ್ಕಿಂತ ಹಳೇ ಫೈಲ್ ನೋಡಿ ಬೆಲ್ಗಾಂ ಅಂತ ಬರೆದುಬಿಡಬೇಡಿ. ಕೆಎಸ್‌ಸಿಎಸ್‌ಟಿಯಿಂದ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ದುಡ್ಡು ಬಂದಿದ್ದರೆ ಅಕ್ನಾಲೆಜ್‌ಮೆಂಟ್‌ನಲ್ಲಿ ಅವರ ಹೆಸರು, ಪ್ರಾಜೆಕ್ಟ್ ನಂಬರ್ ಬರಬೇಕು. ಕಂಪನಿಯಲ್ಲಿ ಮಾಡಿದ ಪ್ರಾಜೆಕ್ಟ್ ಆದರೆ ಅವರ ಸರ್ಟಿಫಿಕೇಟ್ ತಿಂಗಳು ಮುಂಚೆಯೇ ಕೇಳಿ.

ಪ್ರಿಂಟ್ ವಿಷಯ. ಮೊದಲು ಒಂದು ಕಾಪಿ ಸ್ಪೈರಲ್ ಮಾಡಿಸಿ ಗೈಡ್‌ಗೆ ಕೊಡಿ, ಅವರು ಕೆಂಪು ಪೆನ್ನಿನಲ್ಲಿ ಗೀಚಲಿ. ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರ್‌ನಲ್ಲಿ ವರ್ಡ್ ವರ್ಷನ್ ಬೇರೆ, ಫಾಂಟ್ ಬೇರೆ, ಚಿತ್ರಗಳು ಜಾಗ ಬಿಟ್ಟು ಓಡುತ್ತವೆ. ಮನೆಯಲ್ಲೇ ಪಿಡಿಎಫ್ ಮಾಡಿ, ಮಾಡಿದ ಮೇಲೆ ಅದರಲ್ಲಿ 'ಎರರ್' ಅನ್ನೋ ಪದ ಹುಡುಕಿ. ಕ್ರಾಸ್ ರೆಫರೆನ್ಸ್ ಮುರಿದಿದ್ದರೆ 'ಎರರ್, ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್' ಅಂತ ವಾಕ್ಯದ ಮಧ್ಯೆ ದಪ್ಪಗೆ ಕೂತಿರುತ್ತದೆ. ಬಣ್ಣದ ಪುಟಗಳ ಸಂಖ್ಯೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಷ್ಟನ್ನು ಮಾತ್ರ ಕಲರ್ ಹಾಕಿಸಿದರೆ ದುಡ್ಡು ಉಳಿಯುತ್ತದೆ. ಬೈಂಡಿಂಗ್‌ಗೆ ಕೊಡುವ ಮುನ್ನ ಪ್ರತಿ ಕಾಪಿಯ ಪುಟ ಎಣಿಸಿ, ಅಂಗಡಿಯವರು ಗಡಿಬಿಡಿಯಲ್ಲಿ ಒಂದೆರಡು ಹಾಳೆ ತಲೆಕೆಳಗೆ ಇಟ್ಟಿರುತ್ತಾರೆ.

ಸಹಿಗೆ ಗೈಡ್, ಎಚ್‌ಒಡಿ, ಪ್ರಿನ್ಸಿಪಾಲ್, ಇದೇ ಕ್ರಮ. ಪ್ರಿನ್ಸಿಪಾಲ್ ಊರಲ್ಲಿ ಇಲ್ಲದಿದ್ದರೆ ಎರಡು ಮೂರು ದಿನ ಸುಮ್ನೆ ಹೋಗುತ್ತದೆ, ಆ ದಿನಗಳನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಟರ್ನಲ್‌ಗಳ ಸಹಿಯ ಜಾಗ ಖಾಲಿ ಇರಲಿ, ಅದು ವೈವಾ ದಿನದ್ದು.