ಕ್ಯಾಂಪ್‌ನಿಂದ ಹೊರದೇಶಕ್ಕೆ ಹೊರಟಿದ್ದೀರಾ? ವಾಪಸ್ ಬರುವ ದಾರಿ ಮೊದಲು ನೋಡಿಕೊಳ್ಳಿ

ಕುಶಾಲನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಸ್ವಲ್ಪ ಮುಂದೆ ಟಿಬೆಟ್ ನಿರಾಶ್ರಿತರ ಕ್ಯಾಂಪ್ ಇರುವ ಬೈಲಕುಪ್ಪೆ. ಸರ್ಕಾರಿ ಲೆಕ್ಕದಲ್ಲಿ ಅದು ಮೈಸೂರು ಜಿಲ್ಲೆ. ಆದರೆ ಟಿಬೆಟಿಯನ್ ಕ್ಯಾಂಪ್‌ನವರಿಗೆ ಸಂತೆ, ಬಸ್ಸು, ಬ್ಯಾಂಕು ಅಂತ ಜಾಸ್ತಿ ಓಡಾಟ ಕೊಡಗಿನ ಈ ಊರಿಗೇ. ಹಾಗಾಗಿ ಅವರ ಫಾರಂಗಳೂ ನನ್ನ ಟೇಬಲ್ಲಿಗೆ ಬರುತ್ತವೆ.

ಒಬ್ಬರು ಅಮಾ-ಲಾ (ಟಿಬೆಟಿಯನ್ನರು ಅಮ್ಮನನ್ನು ಗೌರವದಿಂದ ಕರೆಯುವುದು ಹೀಗೆ) ಇದ್ದಾರೆ, ಅರವತ್ತು ದಾಟಿದವರು. ಮಗಳ ಬಾಣಂತನಕ್ಕೆ ಅಂತ ಯುರೋಪಿಗೆ ಹೋದರು. ಆ ದೇಶದ ವೀಸಾ ಇತ್ತು, ಟಿಕೆಟ್ ಇತ್ತು, ಭಾರತ ಬಿಟ್ಟು ಹೋಗಲು ಬೇಕಾದ ಎಕ್ಸಿಟ್ ಪರ್ಮಿಟ್ ಕೂಡ ಇತ್ತು. ವಾಪಸ್ ಬರುವ ದಿನ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ, ಭಾರತದೊಳಗೆ ಹೋಗಲು ನಿಮ್ಮ ವೀಸಾ ಎಲ್ಲಿ ಅಂತ ಕೇಳಿದರು. ಇರಲಿಲ್ಲ. ಬ್ಯಾಗ್ ಎಳೆದುಕೊಂಡು ಮಗಳ ಮನೆಗೆ ವಾಪಸ್ ಹೋಗಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಅಲೆದು, ವೀಸಾ ಮಾಡಿಸಿಕೊಂಡು ಬರುವಷ್ಟರಲ್ಲಿ ಮೂರು ವಾರ ಹೋಯಿತು, ಹಳೇ ಟಿಕೆಟ್ಟಿನ ದುಡ್ಡೂ ಹೋಯಿತು. ಊರಿಗೆ ಬಂದ ಮೇಲೆ ನನ್ನ ಅಂಗಡಿಗೆ ಬಂದು, ಪಾಸ್‌ಪೋರ್ಟ್ ಬದಲಿಗೆ ಅವರಿಗೆ ಕೊಡುವ ಹಳದಿ ಪುಸ್ತಕವನ್ನು ಗಾಜಿನ ಮೇಲೆ ಬಿಡಿಸಿಟ್ಟು, ಆ ವೀಸಾ ಹಾಳೆಯ ಮೇಲೆ ಬೆರಳಿಟ್ಟು "ಇದನ್ನ ಇಲ್ಲೇ ಮಾಡಿಸಬೇಕಿತ್ತು ಅಂತ ಯಾರೂ ಹೇಳಲಿಲ್ಲ ಮಗಾ" ಅಂದರು. ನನಗೆ ಗೊತ್ತಿದ್ದೂ ಆಗ ಅವರು ನನ್ನ ಹತ್ತಿರ ಬಂದಿರಲಿಲ್ಲ ಅನ್ನುವ ಬೇಜಾರು ಈಗಲೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಕ್ಯಾಂಪ್‌ನವರಿಗೂ, ಅವರಿಗೆ ಅರ್ಜಿ ತುಂಬಿಕೊಡುವ ನಮ್ಮವರಿಗೂ.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆ ಒಪ್ಪಂದದ ಪ್ರಕಾರ ಕೊಡುವ ಪ್ರಯಾಣ ಪತ್ರ ಇಲ್ಲಿ ಸಿಗುವುದಿಲ್ಲ. ಇಲ್ಲಿ ಇರಲು ನಿಮಗಿರುವ ಆಧಾರ ಆರ್‌ಸಿ, ಅಂದರೆ ಪೊಲೀಸ್ ಇಲಾಖೆಯ ವಿದೇಶಿಯರ ನೋಂದಣಿ ವಿಭಾಗ ಕೊಡುವ ಪುಸ್ತಕ. ಹೊರಗೆ ಹೋಗಲು ಐಸಿ, ಅಂದರೆ ಪಾಸ್‌ಪೋರ್ಟ್ ಬದಲಿಗೆ ವಿದೇಶಾಂಗ ಇಲಾಖೆ ಕೊಡುವ ಹಳದಿ ಪುಸ್ತಕ. ದೇಶದಿಂದ ಹೊರಗಿರುವ ಟಿಬೆಟಿಯನ್ನರ ತಮ್ಮದೇ ಆಡಳಿತ ಕೊಡುವ ಗ್ರೀನ್ ಬುಕ್ ಬೇರೆಯೇ. ನಿಮ್ಮ ಸಮುದಾಯದ ಕೆಲಸಕ್ಕೆ ಅದು ಬೇಕು, ಆದರೆ ಅದನ್ನು ತೋರಿಸಿ ವಿಮಾನ ಹತ್ತಲು ಆಗುವುದಿಲ್ಲ.

ಈಗ ಆರ್‌ಸಿ ತೆಗೆದು ತಾರೀಕು ನೋಡಿ. ಪ್ರವಾಸದ ನಡುವೆ ಅವಧಿ ಮುಗಿಯುವ ಹಾಗಿದ್ದರೆ ಮೊದಲು ಅದನ್ನು ನವೀಕರಿಸಿ. ಬಂದ ಮೇಲೆ ಮಾಡಿಸಿದರಾಯಿತು ಅಂತ ಬಿಡಬೇಡಿ. ಆಮೇಲೆ ಐಸಿ. ಹೊಸದು ಬೇಕಿದ್ದರೆ ಕ್ಯಾಂಪ್ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಶುರು ಮಾಡಿ. ಶಿಫಾರಸು, ಪೊಲೀಸ್ ವಿಚಾರಣೆ ಎಲ್ಲಾ ಆಗಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಇರುವ ಐಸಿಗೂ ಸಾಕಷ್ಟು ಅವಧಿ ಉಳಿದಿರಬೇಕು. ಷೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ನೀವು ಅಲ್ಲಿಂದ ಹೊರಡುವ ದಿನದಿಂದ ಕನಿಷ್ಠ 3 ತಿಂಗಳು ಕೇಳುತ್ತವೆ, ಇನ್ನೂ ಹಲವು ದೇಶಗಳು 6 ತಿಂಗಳು.

ಹೆಸರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ನಾನು ನೋಡಿದ ಮಟ್ಟಿಗೆ ಅರ್ಧ ತೊಂದರೆ ಇಲ್ಲೇ ಶುರುವಾಗುವುದು. ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ Tenzin ಅಂತ ಇರುತ್ತದೆ, ಇನ್ನೊಂದರಲ್ಲಿ ಕೊನೆಗೆ ಒಂದು g ಅಕ್ಷರ ಸೇರಿರುತ್ತದೆ. ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಹಿರಿಯರಿಗೆ ಹುಟ್ಟಿದ ವರ್ಷ ಮಾತ್ರ ಗೊತ್ತು, ತಾರೀಕು ಯಾರೋ ಗುಮಾಸ್ತರು ಬರೆದದ್ದು, ಒಂದೊಂದು ಕಾಗದದಲ್ಲಿ ಒಂದೊಂದು ಥರ. ಆರ್‌ಸಿ, ಐಸಿ, ಮದುವೆ ಪತ್ರ, ಮಕ್ಕಳ ಜನನ ಪತ್ರ, ಎಲ್ಲವನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ವೀಸಾ ಅರ್ಜಿಗೆ ಮುಂಚೆಯೇ ಸರಿಪಡಿಸಿ. ಟಿಕೆಟ್ಟಿನಲ್ಲಿ ಐಸಿಯಲ್ಲಿರುವ ಹಾಗೇ ಹೆಸರು ಇರಲಿ. ಒಂದೇ ಪದದ ಹೆಸರಾದರೆ ಹೇಗೆ ಹಾಕಬೇಕು ಅಂತ ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿ.

ವೀಸಾ ಇಲ್ಲದೆ ಭಾರತೀಯರು ಹೋಗಬಹುದಾದ ದೇಶಗಳು ಅಂತ ಮೊಬೈಲ್‌ನಲ್ಲಿ ಪಟ್ಟಿ ಓಡಾಡುತ್ತದಲ್ವಾ, ಅದು ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ. ಐಸಿಗೆ ಅನ್ವಯ ಆಗುವುದಿಲ್ಲ. ಐಸಿಯನ್ನೇ ಒಪ್ಪದ ದೇಶಗಳೂ ಇವೆ. ಹೋಗುವ ದೇಶ ಮಾತ್ರ ಅಲ್ಲ, ನಡುವೆ ವಿಮಾನ ಬದಲಿಸುವ ದೇಶವನ್ನೂ ವಿಚಾರಿಸಿ, ನಿಲ್ದಾಣದಿಂದ ಹೊರಗೆ ಹೋಗದಿದ್ದರೂ ಕೆಲವು ಕಡೆ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ನಾಲ್ಕು ಸಾವಿರ ರೂಪಾಯಿ ಉಳಿಯುತ್ತೆ ಅಂತ ಎರಡು ಕಡೆ ಇಳಿದು ಹತ್ತುವ ಟಿಕೆಟ್ ತಗೋಬೇಡಿ. ಬೆಂಗಳೂರಿನಿಂದ ನೇರ ವಿಮಾನ ಇದ್ದರೆ ಅದೇ ಒಳ್ಳೆಯದು.

ಇನ್ನು ಮುಖ್ಯವಾದದ್ದು. ಆ ದೇಶದ ವೀಸಾ ಸಿಕ್ಕ ಮೇಲೆ, ಹೊರಡುವ ಮುಂಚೆ, ಎಫ್‌ಆರ್‌ಆರ್‌ಒದಿಂದ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಿಂದ, ಎರಡು ಕಾಗದ ಬೇಕು. ಒಂದು ಎಕ್ಸಿಟ್ ಪರ್ಮಿಟ್. ಇನ್ನೊಂದು ರಿಟರ್ನ್ ವೀಸಾ. ಮೊದಲನೆಯದು ಹೊರಗೆ ಬಿಡುತ್ತದೆ, ಎರಡನೆಯದು ಒಳಗೆ ಕರೆಯುತ್ತದೆ. ಒಂದು ಸಿಕ್ಕರೆ ಇನ್ನೊಂದೂ ಸಿಕ್ಕಿತು ಅಂತ ಅಲ್ಲ. ಅಮಾ-ಲಾಗೆ ಆದದ್ದು ಇದೇ. ಅರ್ಜಿ ಇ-ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ಹಾಕಬೇಕು. ಆರ್‌ಸಿ ಮತ್ತು ಐಸಿಯ ಹಾಳೆಗಳು, ಫೋಟೋ, ಹೋಗುವ ದೇಶದ ವೀಸಾ, ಕರೆದವರ ಪತ್ರ, ಎಲ್ಲವನ್ನೂ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ, ಬೆರಳಿನ ನೆರಳು ಬಿದ್ದ ಫೋಟೋ ಹಾಕಿ ಅರ್ಜಿ ವಾಪಸ್ ಬಂದದ್ದನ್ನು ನಾನೇ ನೋಡಿದ್ದೇನೆ. ರಿಟರ್ನ್ ವೀಸಾ ಕೈಗೆ ಬಂದಾಗ ಅದರ ಕೊನೇ ತಾರೀಕು ಓದಿ. ನೀವು ಬರುವ ದಿನ ಅದರೊಳಗೇ ಇರಬೇಕು, ಒಂದೆರಡು ವಾರ ಕೈಯಲ್ಲಿ ಉಳಿಯುವ ಹಾಗೆ. ಕಾಯಿಲೆ ಬಿದ್ದು ಅಲ್ಲೇ ತಡವಾಗುತ್ತದೆ ಅನ್ನಿಸಿದರೆ, ಅವಧಿ ಮುಗಿಯುವ ಮುಂಚೆಯೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಿ.

ಎಲ್ಲದರ ಎರಡು ಜೆರಾಕ್ಸ್ ಪ್ರತಿ ಮಾಡಿ. ಒಂದು ಕೈಚೀಲದಲ್ಲಿ, ಒಂದು ಊರಲ್ಲಿ. ಮೂಲ ಪುಸ್ತಕಗಳನ್ನು ಲಗೇಜಿಗೆ ಹಾಕಲೇಬೇಡಿ. ಕೌಂಟರ್‌ನಲ್ಲಿ ಕೆಲವರು ಐಸಿಯನ್ನು ನೋಡಿರುವುದೇ ಇಲ್ಲ, ಹೋಗಿ ಮೇಲಿನವರನ್ನು ಕೇಳಿ ಬರುತ್ತಾರೆ, ಅದಕ್ಕೆ ನಾಲ್ಕು ಗಂಟೆ ಮುಂಚೆಯೇ ತಲುಪಿ.

ಹೋದ ದೇಶದಲ್ಲೇ ನಿರಾಶ್ರಿತರಾಗಿ ಆಶ್ರಯ ಕೇಳುವ ಯೋಚನೆ ಇರುವವರು ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡಿ, ಏಕೆಂದರೆ ಆಮೇಲೆ ಈ ದಾರಿಯೇ ಬದಲಾಗುತ್ತದೆ. ಅಮೆರಿಕದಲ್ಲಿ ಆಶ್ರಯದ ಕೇಸ್ ನಡೆಯುವಾಗ ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ) ಪಡೆಯದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟ ಹಾಗೆ ಲೆಕ್ಕ. ಆಶ್ರಯ ಸಿಕ್ಕವರು ಅಲ್ಲಿನ ರೆಫ್ಯೂಜಿ ಟ್ರಾವೆಲ್ ಡಾಕ್ಯುಮೆಂಟ್‌ಗೆ (ನಿರಾಶ್ರಿತರ ಪ್ರಯಾಣ ಪುಸ್ತಕ) ಹೊರಡುವ ಮುಂಚೆಯೇ ಅರ್ಜಿ ಹಾಕಬೇಕು. ಆ ಪುಸ್ತಕ ಹಿಡಿದು ಬೈಲಕುಪ್ಪೆಗೆ ಬರಬೇಕಾದರೆ ಭಾರತದ ಇ-ವೀಸಾ ನಡೆಯುವುದಿಲ್ಲ, ಅದು ಪಾಸ್‌ಪೋರ್ಟ್ ಇರುವವರಿಗೆ ಮಾತ್ರ. ರಾಯಭಾರ ಕಚೇರಿಯಿಂದಲೇ ವೀಸಾ ಪಡೆಯಬೇಕು.

ಇನ್ನೊಂದು ದಾರಿಯೂ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮುಂಚೆ ಭಾರತದಲ್ಲೇ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಅಂಥವರಿಗೆ ಭಾರತೀಯ ಪಾಸ್‌ಪೋರ್ಟ್ ಕೊಡಿ ಅಂತ 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೂ ಸೂಚನೆ ಹೋಯಿತು. ಆ ಪಾಸ್‌ಪೋರ್ಟ್ ಇದ್ದರೆ ಎಕ್ಸಿಟ್ ಪರ್ಮಿಟ್, ರಿಟರ್ನ್ ವೀಸಾ ಯಾವುದೂ ಬೇಡ. ಆದರೆ ಆರ್‌ಸಿ, ಐಸಿ ವಾಪಸ್ ಕೊಡಬೇಕು. ಕ್ಯಾಂಪ್‌ನ ಮನೆ, ಜಮೀನಿಗೂ ಇದಕ್ಕೂ ಸಂಬಂಧ ಬರುತ್ತದೆ, ಆದ್ದರಿಂದ ಮನೆಯವರೆಲ್ಲಾ ಕೂತು ಮಾತಾಡಿ ಆಮೇಲೆ ಹೆಜ್ಜೆ ಇಡಿ.

ಈಗಾಗಲೇ ಬೇರೆ ದೇಶದ ಪೌರತ್ವ ಪಡೆದ ಮಕ್ಕಳು ಟಿಬೆಟಿಯನ್ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಬರುವುದಿದ್ದರೆ, ವೀಸಾ ಜೊತೆ ಪಿಎಪಿ ಅನ್ನುವ ಅನುಮತಿಯೂ ಬೇಕು ಅಂತ ಅವರಿಗೆ ಹೇಳಿ. ವಿದೇಶಿಯರು ಕ್ಯಾಂಪ್ ಒಳಗೆ ರಾತ್ರಿ ಉಳಿಯಲು ಗೃಹ ಇಲಾಖೆ ಕೊಡುವ ಅನುಮತಿ ಅದು. ಟಿಕೆಟ್‌ಗಿಂತ ಕೆಲವು ತಿಂಗಳು ಮುಂಚೆಯೇ ಅರ್ಜಿ ಹಾಕಲಿ. ಬರದಿದ್ದರೆ ಹಗಲು ಅಮ್ಮನ ಮನೆ, ರಾತ್ರಿ ಸೇತುವೆ ಈಚೆ ಕುಶಾಲನಗರದ ಲಾಡ್ಜ್. ಹೋದ ವರ್ಷ ಒಂದು ಮನೆಯವರು ಹಾಗೇ ಹತ್ತು ದಿನ ಓಡಾಡಿದರು.